ಹೂಡಿಯ ಗೋಡೆಗೆ ಕನಕಾಂಬರದ ಬಣ್ಣ

ಅರಸೀಕೆರೆಯಲ್ಲಿ ಬೆಳಗಿನ ರೈಲು ಹತ್ತಿದಾಗ ಚಳಿ ಇತ್ತು. ಯಶವಂತಪುರದಲ್ಲಿ ಇಳಿಯುವ ಹೊತ್ತಿಗೆ ಸ್ವೆಟರ್ ಬಿಚ್ಚಿ ಚೀಲಕ್ಕೆ ತುರುಕಬೇಕಾಯಿತು. ಅಷ್ಟರಲ್ಲಿ ತಿಪಟೂರಿನಲ್ಲಿ ಇಡ್ಲಿ, ತುಮಕೂರಿನಲ್ಲಿ ಕಾಫಿ, ನಡುವೆ ಕಿಟಕಿ ಪಕ್ಕದ ಸೀಟಿಗಾಗಿ ಒಬ್ಬರ ಜತೆ ಸಣ್ಣ ಜಗಳ ಎಲ್ಲವೂ ಮುಗಿದಿದ್ದವು. ನಾನು ಬಸ್ ಸ್ಟ್ಯಾಂಡ್ ರಸ್ತೆಯ ಸೀರೆ ಅಂಗಡಿಯ ಸರೋಜ. ಇದನ್ನು ಓದುತ್ತಿರುವ ನಮ್ಮೂರಿನ ಹೆಂಗಸರ ಬೀರುವಿನಲ್ಲಿ ನಾನು ಕೊಟ್ಟ ಸೀರೆ ಒಂದಾದರೂ ಇದ್ದೇ ಇರುತ್ತದೆ. ಬೆಂಗಳೂರಿಗೆ ನಾನು ಹೋಗುವುದೆಲ್ಲ ಚಿಕ್ಕಪೇಟೆಗೆ, ಸರಕು ತರಲು. ಈ ಸಲ ಹಾಗಲ್ಲ. ನನ್ನ ತಂಗಿ ಪದ್ಮಿನಿ ಹೂಡಿಯಲ್ಲಿ ಒಂದು ದೊಡ್ಡ ಗೋಡೆಗೆ ಚಿತ್ರ ಮಾಡಿ ಮುಗಿಸುತ್ತಿದ್ದಳು. ಅದನ್ನು ನೋಡಲು, ನೋಡಿ ನಾಲ್ಕು ಜನರೆದುರು ಜಂಬ ಕೊಚ್ಚಿಕೊಳ್ಳಲು ಹೊರಟಿದ್ದೆ.

ಮನೆಗೆ ಬರಬೇಡ, ನೇರ ಪೀಣ್ಯಕ್ಕೆ ಬಾ ಎಂದು ಪದ್ದು ಫೋನಿನಲ್ಲಿ ಹೇಳಿದ್ದಳು. ಅವಳ ಮನೆ ಇರುವುದು ಊರಿನ ಇನ್ನೊಂದು ತುದಿಯ ದೊಡ್ಡನೆಕ್ಕುಂದಿಯಲ್ಲಿ. ಗಂಡ ಸರ್ಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು, ಈಗ ಪೂರ್ತಿ ಚಿತ್ರಕ್ಕೇ ಇಳಿದಿದ್ದಾಳೆ. ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಪೀಣ್ಯದಲ್ಲಿ ಇಳಿದೆ. ಕೆಳಗೆ ಬರುತ್ತಿದ್ದಂತೆಯೇ ಕಬ್ಬಿಣ ಕೊಯ್ಯುವ ಸದ್ದು, ಎಣ್ಣೆಯ ವಾಸನೆ, ರಸ್ತೆಗೆ ಅಡ್ಡ ನಿಂತ ಲಾರಿಗಳು. ಅವುಗಳ ನಡುವೆ ಹತ್ತಿ ಸೀರೆಯುಟ್ಟು, ಬಗಲಿಗೆ ಚೀಲ ಹಾಕಿಕೊಂಡು, ಒಂದು ಲಾರಿಯವನಿಗೆ ಪಕ್ಕಕ್ಕೆ ಹೋಗು ಎಂದು ಕೈಸನ್ನೆ ಮಾಡುತ್ತ ನನ್ನ ತಂಗಿ ನಿಂತಿದ್ದಳು.

ನಡೆಯುತ್ತ ನಡೆಯುತ್ತ ಕತೆ ಹೇಳಿದಳು. ಹೂಡಿಯಲ್ಲಿ ಮುನಿಯಮ್ಮ ಎಂಬ ಹಿರಿಯರಿದ್ದಾರೆ. ಈಗ ಅಪಾರ್ಟ್‌ಮೆಂಟು, ಐಟಿ ಪಾರ್ಕು ಎದ್ದಿರುವ ಕಡೆ ಅವರ ಮನೆಯವರು ಕನಕಾಂಬರ ಬೆಳೆಯುತ್ತಿದ್ದರು. ಜಮೀನು ಹೋಯಿತು, ಬಾಡಿಗೆ ಮನೆಗಳು ಬಂದವು, ಕುಟುಂಬ ಚೆನ್ನಾಗಿದೆ. ಮೆಟ್ರೊ ಹಳಿಗೆ ಎದುರಾಗಿರುವ ಅವರ ಕಟ್ಟಡದ ಪಕ್ಕದ ಗೋಡೆ ಮಾತ್ರ ಬರಿದಾಗಿತ್ತು. ಅಲ್ಲಿ ಕನಕಾಂಬರದ ಹೊಲ ಬರಬೇಕು ಎಂದು ಮುನಿಯಮ್ಮ ಕೇಳಿದರು. ಜಾಹೀರಾತಿಗೆ ಕೊಟ್ಟರೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ ಎಂದು ಮಗ ನಾರಾಯಣಪ್ಪ ಹೇಳಿದರು. ಕೊನೆಗೆ ತಾಯಿ ಮಗ ಒಂದು ಒಪ್ಪಂದಕ್ಕೆ ಬಂದರು: ಬಣ್ಣ ನಮ್ಮ ಕನಕಾಂಬರದ್ದೇ ಎಂದು ತಾಯಿ ಒಪ್ಪಿದರೆ ಚಿತ್ರ ಉಳಿಯುತ್ತದೆ, ಒಪ್ಪದಿದ್ದರೆ ಕಳಚಿ ಜಾಹೀರಾತಿನ ಫಲಕ. ನಾಳೆ ಮುನಿಯಮ್ಮ ಬಂದು ನೋಡುತ್ತಾರೆ. ಪದ್ದುವಿನ ಒಂದು ವರ್ಷದ ದುಡಿಮೆ ಅವರ ಒಂದು ಮಾತಿನ ಮೇಲೆ ನಿಂತಿತ್ತು.

ಇದರಲ್ಲೇನು ಕಷ್ಟ, ಕನಕಾಂಬರ ಬಣ್ಣ ಯಾರಿಗೆ ಗೊತ್ತಿಲ್ಲ ಎಂದೆ. ನಾನು ಎಷ್ಟು ವರ್ಷದಿಂದ ಆ ಬಣ್ಣದ ಸೀರೆ ಮಾರುತ್ತಿದ್ದೇನೆ! ಪದ್ದು ನಕ್ಕಳು. ಮೊದಲ ಸಲ ಅವಳೂ ಹಾಗೇ ಅಂದುಕೊಂಡು ಒಂದಷ್ಟು ಮಾದರಿ ಮಾಡಿಸಿ ಒಯ್ದಿದ್ದಳಂತೆ. ಮುನಿಯಮ್ಮ ಒಂದೇ ಏಟಿಗೆ ತಳ್ಳಿಹಾಕಿದರು. ಅದು ಡೆಲ್ಲಿ ಕನಕಾಂಬರ, ಆಮೇಲೆ ಬಂದ ತಳಿ, ಹೆಚ್ಚು ಕೆಂಪು. ನಮ್ಮ ಹೊಲದ್ದು ನಾಟಿ ಎಂದರು. ಅವತ್ತಿನಿಂದ ಪದ್ದು ಹೆಸರುಗಳನ್ನು ನಂಬುವುದು ಬಿಟ್ಟಳು.

ನಾವು ಹೋದದ್ದು ಲಿಂಗರಾಜು ಎಂಬುವರ ಪೌಡರ್ ಕೋಟಿಂಗ್ ಶೆಡ್ಡಿಗೆ. ತಗಡಿನ ಮೇಲೆ ಬಣ್ಣದ ಪುಡಿ ಹಾರಿಸಿ, ದೊಡ್ಡ ಒಲೆಯೊಳಗೆ ಬೇಯಿಸಿ, ಮಳೆ ಬಿಸಿಲಿಗೆ ಜಗ್ಗದ ಹಾಗೆ ಮಾಡುವ ಕೆಲಸ ಅವರದು. ಪದ್ದುವಿನ ಚಿತ್ರ ಕುಂಚದ್ದಲ್ಲ. ಅಂಗೈ ಉದ್ದದ ಅಲ್ಯೂಮಿನಿಯಂ ಪಟ್ಟಿಗಳು, ಒಂದೊಂದಕ್ಕೂ ಒಂದೇ ಬಣ್ಣ, ಅವನ್ನು ಸಾಲುಸಾಲಾಗಿ ಜೋಡಿಸಿದರೆ ಹೊಲ. ಹತ್ತಿರದ ಹೂವಿಗೆ ಒಂದು ಬಣ್ಣ, ದೂರದ ಹೂವಿಗೆ ಇನ್ನೊಂದು, ಬಿಸಿಲು ಬಿದ್ದದ್ದಕ್ಕೆ ಮತ್ತೊಂದು. ಕೊನೆಯ ಕಂತು ಆವತ್ತು ಒಲೆಯಿಂದ ಬಂದಿತ್ತು. ಲಿಂಗರಾಜು ಚಿಕ್ಕನಾಯಕನಹಳ್ಳಿ ಕಡೆಯವರು. ನಾನು ಅರಸೀಕೆರೆ ಎಂದ ಕೂಡಲೇ ಟೀ ತರಿಸಿದರು, ತೆಂಗಿನ ರೇಟು ವಿಚಾರಿಸಿದರು.

ಟೀ ಮುಗಿಯುವ ಮೊದಲೇ ಪದ್ದು ಚೀಲದಿಂದ ತನ್ನ ಬಣ್ಣದ ಪುಸ್ತಕ ತೆಗೆದಳು. ಪುಟದ ತುಂಬ ಉಗುರಗಲದ ಬಣ್ಣದ ಬಿಲ್ಲೆಗಳು. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಒಬ್ಬ ಚಿತ್ರಕಲಾ ಮೇಷ್ಟರು ಕಟ್ಟಿದ ಕ್ರಮ ಇದು, ಜಗತ್ತಿನ ಚಿತ್ರಕಾರರು ಇವತ್ತಿಗೂ ಬಳಸುತ್ತಾರೆ ಎಂದಳು. ಒಂದು ಬಣ್ಣಕ್ಕೆ ಮೂರೇ ಪ್ರಶ್ನೆ ಕೇಳಬೇಕು. ಯಾವ ಮನೆತನದ್ದು? ಅಂದರೆ ಕೆಂಪೋ, ಹಳದಿಯೋ, ಎರಡರ ನಡುವಿನದೋ. ಎಷ್ಟನೇ ಮೆಟ್ಟಿಲಿನ ಮೇಲಿದೆ? ಕೆಳಗಿನ ಮೆಟ್ಟಿಲು ಕಪ್ಪು, ಮೇಲಿನದು ಬಿಳುಪು, ನಡುವೆ ಏರುತ್ತ ಹೋದಂತೆ ತಿಳಿಯಾಗುತ್ತದೆ. ಕೊನೆಯದು, ಖಾರ ಎಷ್ಟು? ಬೂದಿಯಂತೆ ಸಪ್ಪೆಯೋ, ಕಣ್ಣಿಗೆ ಹೊಡೆಯುವಂಥದೋ. ಮನೆತನ, ಮೆಟ್ಟಿಲು, ಖಾರ ಎನ್ನುವುದು ಶಾಲೆಯ ಮಕ್ಕಳಿಗಾಗಿ ಅವಳೇ ಇಟ್ಟ ಹೆಸರುಗಳು. ಮೂರಕ್ಕೂ ಅಂಕಿ ಇದೆ. ಮುನಿಯಮ್ಮನವರ ಹೂವು ಕೆಂಪು-ಹಳದಿ ಮನೆತನದ ಎರಡೂವರೆ, ಮೆಟ್ಟಿಲು ಏಳು, ಖಾರ ಹತ್ತು. ಈ ಅಂಕಿ ಹೇಳಿದರೆ ಪೀಣ್ಯದಲ್ಲೂ ಅದೇ ಬಣ್ಣ, ಪ್ಯಾರಿಸ್ಸಿನಲ್ಲೂ ಅದೇ.

ಹೂವಿಗೆ ಖಾರ ಹಾಕುವವರನ್ನು ನಾನು ಇದೇ ಮೊದಲು ನೋಡಿದ್ದು. ಆದರೆ ಅವಳು ಕೆಲಸ ಮಾಡಿದ ರೀತಿ ನೋಡಿ ತಮಾಷೆ ನಿಲ್ಲಿಸಿದೆ. ಎರಡು ತೂತು ಕೊರೆದ ಬೂದು ರಟ್ಟೊಂದನ್ನು ಹಿಡಿದು, ಒಂದು ತೂತಿನ ಕೆಳಗೆ ಬಿಲ್ಲೆ, ಇನ್ನೊಂದರ ಕೆಳಗೆ ಪಟ್ಟಿ ಇಟ್ಟು, ಬಾಗಿಲ ಬೆಳಕಿಗೆ ಹೋಗಿ ನೋಡುತ್ತಿದ್ದಳು. ಪಕ್ಕದ ಬಣ್ಣಗಳು ಕಣ್ಣನ್ನು ಮೋಸಗೊಳಿಸದಿರಲಿ ಎಂದು ಆ ರಟ್ಟು. ಒಂದು ತಟ್ಟೆ ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿದಳು. ನನಗಂತೂ ಎಲ್ಲವೂ ಒಂದೇ ಆಗಿ ಕಂಡವು, ಲಿಂಗರಾಜು ಅವರಿಗೂ ಹಾಗೇ ಕಂಡವು.

“ಮನೆತನ ಸರಿ ಇದೆ, ಮೆಟ್ಟಿಲೂ ಸರಿ ಇದೆ. ಖಾರ ಮಾತ್ರ ಸ್ವಲ್ಪ ಇಳಿದಿದೆ. ಒಲೇಲಿ ಜಾಸ್ತಿ ಹೊತ್ತು ಬಿಟ್ರಾ ಲಿಂಗರಾಜು ಅವ್ರೇ?”

ಲಿಂಗರಾಜು ಒಳಗೆ ಹೋಗಿ ವಿಚಾರಿಸಿಕೊಂಡು ಬಂದರು. ಕರೆಂಟು ಹೋಗಿ ಬಂದಾಗ ಆ ತಟ್ಟೆ ಒಲೆಯಲ್ಲೇ ಉಳಿದಿತ್ತಂತೆ. ಆ ತಟ್ಟೆಯದನ್ನು ಬೇರೆ ಮಾಡಿಸಿದರು. ನಮಗೆ ಇನ್ನೊಂದು ಟೀ ಬಂತು. ಚಿಕ್ಕಂದಿನಲ್ಲಿ ಇವಳು ಬಳಪದ ಪೆಟ್ಟಿಗೆಗಾಗಿ ಅಂಗಳದಲ್ಲಿ ಹೊರಳಾಡಿ ಅಳುತ್ತಿದ್ದವಳು. ಕಾರ್ಖಾನೆಯ ಮಾಲೀಕರನ್ನು ಒಂದೇ ಮಾತಿನಲ್ಲಿ ಒಳಗೆ ಕಳಿಸುವುದನ್ನು ನೋಡಿ ನನಗೆ ಎದೆ ಉಬ್ಬಿತು. ನಮ್ಮಪ್ಪ ಇರಬೇಕಿತ್ತು ಅನ್ನಿಸಿತು.

ಮಧ್ಯಾಹ್ನ ಪಕ್ಕದ ದರ್ಶಿನಿಯಲ್ಲಿ ಅನ್ನ ಸಾರು ಉಂಡು, ಪಟ್ಟಿಗಳ ಚೀಲ ಇಬ್ಬರೂ ಹಂಚಿಕೊಂಡು ಹೊರಟೆವು. ಮೆಟ್ರೊ ತಪಾಸಣೆಯಲ್ಲಿ ಚೀಲ ಯಂತ್ರದೊಳಗೆ ಹೋದದ್ದೇ ತಡೆದರು. ಏನಿದು ಮೇಡಂ ಎಂದು ಕಾವಲಿನ ಹೆಣ್ಣುಮಗಳು ಕೇಳಿದಳು. ಹೂವು ಎಂದೆ. ಪದ್ದು ನನ್ನ ಕೈ ಚಿವುಟಿ, ಪಟ್ಟಿಗಳನ್ನು ತೆಗೆದು ತೋರಿಸಿ ವಿವರಿಸಿದಳು. ಆ ಹುಡುಗಿ ಒಂದನ್ನು ತನ್ನ ಸಮವಸ್ತ್ರದ ತೋಳಿನ ಮೇಲಿಟ್ಟು ನೋಡಿ ಬಿಟ್ಟುಕೊಟ್ಟಳು. ಮೆಜೆಸ್ಟಿಕ್ಕಿನಲ್ಲಿ ಜನಜಂಗುಳಿಯ ನಡುವೆ ನೇರಳೆ ಮಾರ್ಗಕ್ಕೆ ಬದಲಾಯಿಸಿದೆವು. ತಲಾ ತೊಂಬತ್ತು ರೂಪಾಯಿ ಕೊಟ್ಟು ಇಡೀ ಊರನ್ನು ಅಡ್ಡಡ್ಡ ದಾಟಿದೆವು. ಆಮೇಲೆ ಆಟೊ ಹಿಡಿದು ದೊಡ್ಡನೆಕ್ಕುಂದಿ. ಅಷ್ಟು ದೂರದ ಮೆಟ್ರೊಗೆ ಕೊಟ್ಟಿದ್ದಕ್ಕಿಂತ ಹೆಚ್ಚನ್ನು ಇಷ್ಟು ಹತ್ತಿರಕ್ಕೆ ಆಟೊದವನು ಕೇಳಿದ. ಬೈದುಕೊಂಡೇ ಕೊಟ್ಟೆ.

ಸಂಜೆ ನಾನು ತಂದಿದ್ದ ಉಡುಗೊರೆ ತೆಗೆದೆ: ನವಿಲುಕತ್ತಿನ ಬಣ್ಣದ ರೇಷ್ಮೆ ಸೀರೆ. ಇದಕ್ಕೆ ಎಷ್ಟು ಖಾರ ಹೇಳು ನೋಡೋಣ ಎಂದು ಸವಾಲು ಹಾಕಿದೆ. ಅವಳು ಪುಸ್ತಕ ತೆಗೆದು ಕೂತಳು. ಸೆರಗು ಹೀಗೆ ಹಿಡಿದರೆ ನೀಲಿ, ಹಾಗೆ ತಿರುಗಿಸಿದರೆ ಹಸಿರು. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನದು ಇನ್ನೊಂದು. ಅವಳ ಒಂದು ಅಂಕಿಗೆ ಅದು ಸಿಗಲೇ ಇಲ್ಲ. ಕೊನೆಗೆ ಇದಕ್ಕೆ ಎರಡು ವಿಳಾಸ ಕೊಡಬೇಕು ಎಂದು ಒಪ್ಪಿಕೊಂಡಳು. ನಾನು ಗೆದ್ದೆ ಎಂದು ಅವಳ ಗಂಡನಿಗೆ ಕೂಗಿ ಹೇಳಿದೆ.

ಗೆದ್ದ ಸಂತೋಷ ಹೆಚ್ಚು ಹೊತ್ತು ಇರಲಿಲ್ಲ. ನಿನ್ನ ಅಂಗಡಿಯಲ್ಲಿ ಯಾರಾದರೂ ಈರುಳ್ಳಿ ಸಿಪ್ಪೆ ಬಣ್ಣ ಕೇಳಿದರೆ ಏನು ತೋರಿಸುತ್ತೀಯ ಎಂದು ಅವಳು ಕೇಳಿದಳು. ಮೂರು ನಾಲ್ಕು ಬಗೆ ತೋರಿಸುತ್ತೇನೆ, ಅವರು ಇದಲ್ಲ ಇದಲ್ಲ ಎನ್ನುತ್ತ ಕೊನೆಗೊಂದನ್ನು ಹಿಡಿಯುತ್ತಾರೆ ಎಂದೆ. ಅಲ್ಲಿ ಸೀರೆ ಮಡಿಚಿಟ್ಟರಾಯಿತು, ಗೋಡೆಯನ್ನು ಮಡಿಚಿಡಲು ಆಗುವುದಿಲ್ಲ ಎಂದಳು. ಆಮೇಲೆ ಅವಳ ಮುಖ ಸ್ವಲ್ಪ ಇಳಿಯಿತು. ಮುನಿಯಮ್ಮ ಬಣ್ಣ ಆರಿಸಿಕೊಟ್ಟ ಮೇಲೆ ಅವರ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಎಡಗಣ್ಣು ಇನ್ನೂ ಹಳೆಯದೇ. ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ಅರಿಶಿನದ ನೀರಿನಲ್ಲಿ ಅದ್ದಿದ ಹಾಗೆ ಕಾಣುತ್ತದೆ. ಪೊರೆ ತೆಗೆದ ಕಣ್ಣಿಗೆ ಆ ಹಳದಿ ಹೋಗಿರುತ್ತದೆ. ಆರಿಸಿದ ಕಣ್ಣು ಒಂದು, ತೀರ್ಪು ಕೊಡುವ ಕಣ್ಣು ಇನ್ನೊಂದು. ಪದ್ದುವಿನ ಗಂಡ ಸಮಾಧಾನ ಹೇಳಿದರು, ನಾನೂ ಹೇಳಿದೆ. ಅವಳು ಅನ್ನ ಕಲಸಿಟ್ಟುಕೊಂಡು ಉಣ್ಣದೇ ಕೂತಿದ್ದಳು.

ಮರುದಿನ ಬೆಳಿಗ್ಗೆ ಹೂಡಿಗೆ ಹೋದೆವು. ತಲೆಯ ಮೇಲೆ ಮೆಟ್ರೊ, ಕೆಳಗೆ ಕಂಪನಿ ಕ್ಯಾಬುಗಳ ಸಾಲು, ಎಳನೀರಿನ ಗಾಡಿ, ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡು ಓಡುವ ಹುಡುಗ ಹುಡುಗಿಯರು. ತಿರುವಿನಲ್ಲಿ ಆಟೊ ನಿಂತಾಗ ಗೋಡೆ ಕಂಡಿತು. ನಾನು ಇಳಿಯುವುದನ್ನು ಮರೆತು ಕೂತೆ. ನೆಲದಿಂದ ಮೇಲೆ ಮೇಲೆ ಹೊಲ ಏರುತ್ತಿತ್ತು. ಬುಡದಲ್ಲಿ ಹೂವು ಕೈಗೆ ಸಿಗುವಷ್ಟು ಹತ್ತಿರ, ಮೇಲೆ ಹೋದಂತೆ ಬಣ್ಣ ಸಪ್ಪೆಯಾಗುತ್ತ, ತಿಳಿಯಾಗುತ್ತ, ತುದಿಯಲ್ಲಿ ಮಂಜು ಕವಿದ ದೂರ. ಒಂದೂ ಗೆರೆ ಎಳೆದಿರಲಿಲ್ಲ. ಹೂವೆಲ್ಲ ಒಂದೇ ಮನೆತನದ ಬಣ್ಣ, ಮೆಟ್ಟಿಲು ಮತ್ತು ಖಾರ ಬದಲಾಯಿಸಿಯೇ ಅವಳು ಅರ್ಧ ಮೈಲಿ ದೂರ ಮಾಡಿಟ್ಟಿದ್ದಳು. ಅಷ್ಟು ವರ್ಷ ಬಣ್ಣ ಮಾರಿದವಳು ನಾನು, ಬಣ್ಣ ಹೀಗೆ ದೂರ ಹೋಗುವುದನ್ನು ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಬುಡದ ಒಂದು ಸಾಲು ಖಾಲಿ ಇತ್ತು. ಕೆಲಸದವರು ನಾವು ತಂದ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿದರು. ಅದು ಮುಗಿಯುವ ಹೊತ್ತಿಗೆ ಸೊಸೆ ಮಂಜುಳಾ ಕೈ ಹಿಡಿದುಕೊಂಡು ಮುನಿಯಮ್ಮ ಬಂದರು. ಹಿಂದೆ ಮಗ ನಾರಾಯಣಪ್ಪ, ಫೋನಿನಲ್ಲಿ ಮಾತಾಡುತ್ತ. ಮುನಿಯಮ್ಮ ಎತ್ತರದ ಹೆಂಗಸು, ನೆಟ್ಟಗೆ ನಿಲ್ಲುವವರು. ಹಳ್ಳಿಯ ಮಾತು, ಹಕಾರ ಅವರ ನಾಲಿಗೆಗೆ ಸಿಗುವುದಿಲ್ಲ. ಅರಸೀಕೆರೆಯಿಂದ ಬಂದಿದ್ದೀನಿ ಎಂದದ್ದಕ್ಕೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಊಟ ಮಾಡದೆ ಹೋಗಬಾರದು ಎಂದು ಅಪ್ಪಣೆ ಮಾಡಿದರು. ಆಮೇಲೆ ಗೋಡೆ ನೋಡಿದರು. ಬಹಳ ಹೊತ್ತು ನೋಡಿದರು.

“ಇದಲ್ಲ ಕಣಮ್ಮ ನಾ ಯೋಳಿದ್ದು,” ಎಂದರು.

ನಾರಾಯಣಪ್ಪ ಫೋನು ಜೇಬಿಗೆ ಹಾಕಿ, ನಾನು ಮೊದಲೇ ಹೇಳಿರಲಿಲ್ಲವಾ ಮೇಡಂ ಎನ್ನುವಂತೆ ನೋಡಿದರು. ದುಷ್ಟರೇನಲ್ಲ, ಅವರಿಗೂ ಒಂದು ಲೆಕ್ಕ ಇತ್ತು. ಆದರೆ ನನಗೆ ರಕ್ತ ಕುದಿಯಿತು. ಇವಳು ಪಟ್ಟ ಪಾಡು ನಿಮಗೇನು ಗೊತ್ತು ಎಂದು ಬಾಯಿ ತೆರೆದೆ. ಪದ್ದು ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದಳು. ಮುನಿಯಮ್ಮನಿಗೂ ಸಂಕಟವಾಗಿತ್ತು. ತಾವು ಆರಿಸಿದಾಗ ಬಣ್ಣ ಬೆಚ್ಚಗಿತ್ತು, ಮಾಗಿದ ಹಾಗಿತ್ತು, ಈಗ ಗುಲಾಬಿ ಗುಲಾಬಿಯಾಗಿ ತಣ್ಣಗೆ ಕಾಣುತ್ತಿದೆ, ಮತ್ತೆ ಆ ಡೆಲ್ಲಿಯದನ್ನೇ ಹಾಕಿದಿರಾ ಎಂದು ಕೇಳಿದರು.

ಪದ್ದು ಮಂಜುಳಾಗೆ, ಮಹಡಿ ಮೇಲಿನ ಕುಂಡದಿಂದ ಒಂದು ಹೂವು ಕಿತ್ತು ತರಲು ಹೇಳಿದಳು. ಆ ಕುಂಡದಲ್ಲಿದ್ದದ್ದು ಹೊಲದ ಕೊನೆಯ ಗಿಡದ ಸಂತತಿಯಂತೆ. ಬಣ್ಣ ಆರಿಸಿದ್ದೂ ಅದರ ಹೂವಿನಿಂದಲೇ: ಆ ಹೂವಿನ ಪಕ್ಕದಲ್ಲಿ ಪದ್ದು ಬಿಲ್ಲೆಗಳನ್ನು ಒಂದೊಂದಾಗಿ ಹಿಡಿದು, ಯಾವುದು ಹೂವಿನ ಜತೆ ಒಂದಾಗುತ್ತದೆ ಎಂದು ಕೇಳಿದ್ದಳೇ ಹೊರತು, ನಿಮ್ಮ ನೆನಪಿನ ಬಣ್ಣ ಹೇಳಿ ಎಂದು ಕೇಳಿರಲಿಲ್ಲ. ಹೂವು ಬಂತು. ಕೈಗೆ ಎಟಕುವ ಸಾಲಿನ ಪಟ್ಟಿಯ ಮೇಲೆ ಅದನ್ನಿಟ್ಟು, ಎರಡು ತೂತಿನ ರಟ್ಟು ಹಿಡಿದು, ಮುನಿಯಮ್ಮನನ್ನು ಹತ್ತಿರಕ್ಕೆ ಕರೆದಳು.

“ಮೊದಲು ಎಡಗಣ್ಣು ಮುಚ್ಚಿಕೊಳ್ಳಿ ಅಮ್ಮ. ಹೊಸ ಕಣ್ಣಲ್ಲಿ ಮಾತ್ರ ನೋಡಿ. ಹೂವು ಹೇಗಿದೆ, ತಗಡು ಹೇಗಿದೆ?”

ಮುನಿಯಮ್ಮ ಅಂಗೈಯಿಂದ ಎಡಗಣ್ಣು ಮುಚ್ಚಿದರು. ಹೂವೂ ಗುಲಾಬಿಯಾಗಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕೈ ಬದಲಾಯಿಸಿ, ಹೊಸ ಕಣ್ಣು ಮುಚ್ಚಿ, ಹಳೆಯದರಲ್ಲಿ ನೋಡಿದರು. ಅವರ ಬಾಯಿ ಸ್ವಲ್ಪ ತೆರೆಯಿತು. ಮತ್ತೆ ಇತ್ತ, ಮತ್ತೆ ಅತ್ತ. ಒಂದು ಕಣ್ಣಿಗೆ ಎರಡೂ ತಣ್ಣಗೆ, ಇನ್ನೊಂದಕ್ಕೆ ಎರಡೂ ಬೆಚ್ಚಗೆ. ದಾರಿಯಲ್ಲಿ ಹೋಗುವವರು ನಿಂತು, ಗೋಡೆಗೆ ಮುಖ ತಾಗಿಸಿ ಕಣ್ಣು ಮುಚ್ಚಿ ತೆರೆಯುತ್ತಿದ್ದ ಈ ಹೆಂಗಸನ್ನು ನೋಡತೊಡಗಿದರು.

“ಊವು ಬ್ಯಾರೆ ಆಗದೆ, ತಗಡೂ ಬ್ಯಾರೆ ಆಗದೆ,” ಎಂದರು ಮುನಿಯಮ್ಮ. “ಎರಡೂ ಜೊತೆ ಬಿಟ್ಟಿಲ್ಲ ಕಣಮ್ಮ. ಇದು ನಮ್ದೇಯ.”

ನಾರಾಯಣಪ್ಪ ತಾನೂ ನೋಡಬೇಕೆಂದು ಬಂದರು. ರಟ್ಟಿನ ತೂತಿಗೆ ಕಣ್ಣಿಟ್ಟು, ಎಲ್ಲಿ ಹೂವು ಎಲ್ಲಿ ತಗಡು ಎಂದು ಗುರುತಿಸಲು ಹೋಗಿ ತಪ್ಪು ಹೇಳಿದರು. ಅಲ್ಲಿಂದ ಅವರೇ ಚಿತ್ರದ ವಕೀಲರಾದರು. ದಾರಿಯಲ್ಲಿ ನಿಂತವರಿಗೆಲ್ಲ ನಮ್ಮಮ್ಮ, ನಮ್ಮ ಹೊಲ, ಬನ್ನಿ ಇಲ್ಲಿಂದ ನೋಡಿ ಎಂದು ತೋರಿಸಿದರು. ಪದ್ದು ಗೋಡೆಗೆ ಒರಗಿಕೊಂಡು ನಿಂತಿದ್ದಳು. ನಾನು ಮಾತ್ರ ಸುಮ್ಮನಿರಲಿಲ್ಲ. ಇವಳು ನನ್ನ ತಂಗಿ, ಒಡಹುಟ್ಟಿದ ತಂಗಿ ಎಂದು ಎಳನೀರಿನವರಿಗೂ ಹೇಳಿ ಬಂದೆ.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು, ತುಪ್ಪ. ಮುದ್ದೆಯ ಬಣ್ಣ ಎಷ್ಟನೇ ಮೆಟ್ಟಿಲು ಎಂದು ನಾರಾಯಣಪ್ಪ ಕೇಳಿದರು. ಮೂರು ಎಂದಳು ಪದ್ದು, ನೋಡದೆಯೇ. ಸಂಜೆಯ ರೈಲಿಗೆ ನಾನು ಹೊರಟು ನಿಂತಾಗ ಮುನಿಯಮ್ಮ ತಾವೂ ಮೆಟ್ರೊ ಸ್ಟೇಷನ್ನಿಗೆ ಬರುತ್ತೇನೆಂದರು. ರಸ್ತೆಯಲ್ಲಿ ಹೋಗುವವರಿಗಿಂತ ಮೇಲೆ ರೈಲಿನಲ್ಲಿ ಹೋಗುವವರೇ ಹೆಚ್ಚು, ಅವರಿಗೆ ಹೊಲ ಹೇಗೆ ಕಾಣುತ್ತದೋ ನೋಡಬೇಕು ಎಂಬುದು ಅವರ ಆಸೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬರುವುದೆಂದು ಪದ್ದು ಜತೆಗೆ ಹೊರಟಳು.

ಹೂಡಿಯಲ್ಲಿ ಮೂವರೂ ಹತ್ತಿದೆವು. ಕೆಲಸ ಬಿಟ್ಟವರ ಗದ್ದಲ. ಒಬ್ಬ ಹುಡುಗ ಎದ್ದು ಸೀಟು ಕೊಟ್ಟ, ಮುನಿಯಮ್ಮ ಕೂರಲಿಲ್ಲ, ಕಂಬಿ ಹಿಡಿದು ಗಾಜಿಗೆ ಹತ್ತಿರ ನಿಂತರು. ರೈಲು ಹೊರಟಿತು. ಕಟ್ಟಡಗಳು, ನೀರಿನ ಟ್ಯಾಂಕುಗಳು, ಮತ್ತೆ ಕಟ್ಟಡಗಳು ಸರಿದು, ಥಟ್ಟನೆ ಗೋಡೆ ಬಂತು. ಇಳಿಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ರೈಲಿನ ಎತ್ತರದಿಂದ ನೋಡಿದರೆ ಹೊಲ ನಮ್ಮ ಕಾಲಬುಡದಿಂದಲೇ ಹೊರಟು ದೂರಕ್ಕೆ ಹಬ್ಬಿದ ಹಾಗಿತ್ತು. ನಮ್ಮ ಪಕ್ಕದಲ್ಲಿ ಇಬ್ಬರು ಮೂವರು ಫೋನಿನಿಂದ ತಲೆ ಎತ್ತಿದರು. ಪದ್ದು ಗೋಡೆಯನ್ನು ನೋಡುತ್ತಿರಲಿಲ್ಲ, ಮುನಿಯಮ್ಮನ ಮುಖವನ್ನೇ ನೋಡುತ್ತಿದ್ದಳು. ಆಕೆ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಆಪರೇಷನ್ ಆದ ಕಣ್ಣೊಂದರಲ್ಲೇ, ಗೋಡೆ ಮರೆಯಾಗುವವರೆಗೆ ನೋಡಿದರು.

ಚೆನ್ನಾಗಿ ಕಾಣಿಸಿತಾ ಅಮ್ಮ ಎಂದು ಕೇಳಿದೆ. ಅವರು ಕೈ ಕೆಳಗಿಳಿಸಿದರು.

“ಅಳೇ ಕಣ್ಣು ಒಲ ನೋಡಿತ್ತು ಕಣಮ್ಮ. ಈ ಒಸ ಕಣ್ಣು ಪಾಪ, ನೋಡೇ ಇರ್ನಿಲ್ಲ,” ಎಂದರು. “ಈಗ ಅದೂ ನೋಡ್ತು.”